ಏಳು ಒಲೆ, ಒಂದೇ ಕಣಜ

ಕೇಳುಗರಿಗೆ ನಮಸ್ಕಾರ.

ಮೂರು ವರ್ಷದ ಹಿಂದಿನ ಜುಲೈ. ಮಡಿಕೇರಿಯಲ್ಲಿ ಮಳೆ ಬಿಟ್ಟಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ನಾಪೋಕ್ಲು ಕಡೆಯ ಹೋಮ್‌ಸ್ಟೇ ಆಂಟಿಯ ಫೋನ್. "ಅಲ್ಲ ಮಗಾ, ಆ ಬೆಂಗಳೂರಿನವರಿಗೆ ಒಂದೇ ರೂಮಿಗೆ ಮೂರು ಸಲ ದುಡ್ಡು ಕಟ್ ಆಗಿದೆಯಂತೆ. ನನ್ನನ್ನು ಬೈತಾ ಇದ್ದಾರೆ!"

ಬುಕಿಂಗ್ ಸಾಫ್ಟ್‌ವೇರ್ ಬರೆದದ್ದು ನಾವು. ನಾನು ಮೊದಲು ಬೈದದ್ದು ಮಳೆಗೆ. ಸರ್ವರ್ ಇದ್ದದ್ದು ಮುಂಬೈಯಲ್ಲಿ. ಪಾಪ, ನಮ್ಮ ಮಳೆ ಏನು ಮಾಡೀತು?

ಆಗಿದ್ದು ಇಷ್ಟು. ನಮ್ಮದು ಮೈಕ್ರೋಸರ್ವಿಸ್ ವಿನ್ಯಾಸ. ಒಂದು ದೊಡ್ಡ ಪ್ರೋಗ್ರಾಂ ಬದಲು ಏಳು ಚಿಕ್ಕವು. ಒಂದೊಂದೂ ಬೇರೆ ಬೇರೆ ಓಡುತ್ತದೆ, ನೆಟ್‌ವರ್ಕ್ ಮೂಲಕ ಮಿಕ್ಕವುಗಳ ಜೊತೆ ಮಾತಾಡುತ್ತದೆ. ಬುಕಿಂಗ್ ಸರ್ವಿಸ್ ಪಾವತಿ ಸರ್ವಿಸ್‌ಗೆ "ಹಣ ತಗೋ" ಅಂದಿತು. ಅದು ತಗೊಂಡಿತು. ಉತ್ತರ ಮಾತ್ರ ತಡವಾಯಿತು. ಬುಕಿಂಗ್ ಸರ್ವಿಸ್ ಐದು ಸೆಕೆಂಡ್ ಕಾದು ಇನ್ನೊಮ್ಮೆ ಕೇಳಿತು. ಮತ್ತೂ ಒಮ್ಮೆ ಕೇಳಿತು. ಪಾವತಿಯವನಿಗೆ ಪ್ರತಿ ಸಲವೂ ಹೊಸ ಗಿರಾಕಿ!

ಉತ್ತರ ಬರಲಿಲ್ಲ ಅಂದ ಮಾತ್ರಕ್ಕೆ ಕೆಲಸ ಆಗಿಲ್ಲ ಅಂತಲ್ಲ. ಇದು ನಮಗೆ ಹೊಳೆದಿರಲಿಲ್ಲ. ತೋಟದಲ್ಲಿ ಸಂಜೆ ಕಾಫಿ ಹಣ್ಣು ತೂಗುವಾಗ ನೋಡಿ, ತೂಗಿದ ಚೀಲವನ್ನು ಆಚೆ ಬದಿಗೆ ಹಾಕುತ್ತಾರೆ. ಇಲ್ಲದಿದ್ದರೆ ಲೆಕ್ಕ ಬರೆಯುವ ರೈಟರು ಅದನ್ನೇ ಇನ್ನೊಮ್ಮೆ ಬರೆದುಕೊಂಡಾರು. ನಾವೂ ಪ್ರತಿ ಕೋರಿಕೆಗೆ ಒಂದು ನಂಬರ್ ಕೊಟ್ಟೆವು. ಅದೇ ನಂಬರ್ ಮತ್ತೆ ಬಂದರೆ ಹಣ ಮುಟ್ಟಬೇಡ, ಹಳೇ ಉತ್ತರವನ್ನೇ ಕಳಿಸು ಅಂತ. ಸುಮ್ನೆ ಮತ್ತೆ ಮತ್ತೆ ಕೇಳುವುದಕ್ಕೂ ಲಗಾಮು ಹಾಕಿದೆವು. ಒಂದರ ಕೆಳಗೊಂದು ಮೂರು ಹಂತ ಇದ್ದು, ಪ್ರತಿ ಹಂತವೂ ಮೂರು ಸಲ ಕೇಳಿದರೆ, ತಳದಲ್ಲಿರುವವನ ಬಾಗಿಲು 27 ಸಲ ಬಡಿದಂತಾಗುತ್ತದೆ. ಅವನೋ ಮೊದಲೇ ಸುಸ್ತಾದವನು.

ಆದರೆ ನಮ್ಮ ದೊಡ್ಡ ತಪ್ಪು ಇದಲ್ಲ. ಸರ್ವಿಸ್ ಏಳು, ಡೇಟಾಬೇಸ್, ಅಂದರೆ ಎಲ್ಲ ಲೆಕ್ಕ ಇಡುವ ಜಾಗ, ಒಂದೇ. ಅಣ್ಣತಮ್ಮಂದಿರು ಪಾಲಾಗಿ ಏಳು ಒಲೆ ಹೂಡಿದರು, ಭತ್ತದ ಕಣಜ ಮಾತ್ರ ಒಂದೇ, ಏಳು ಮನೆಯಲ್ಲೂ ಅದರ ಬೀಗದ ಕೈ! ರೂಮುಗಳ ಟೇಬಲ್‌ನಲ್ಲಿ 'ಬೆಲೆ' ಅನ್ನುವ ಕಾಲಂ ಹೆಸರನ್ನು ಒಬ್ಬ ಬದಲಿಸಿದ. ಹಳೇ ಹೆಸರನ್ನೇ ಹುಡುಕುತ್ತಿದ್ದ ಮೂರು ಸರ್ವಿಸ್ ಒಟ್ಟಿಗೆ ಮಕಾಡೆ ಮಲಗಿದವು. ಕೊನೆಗೆ ಶುಕ್ರವಾರ ಸಂಜೆ ಏಳರ ಹೊಸ ಆವೃತ್ತಿಯನ್ನೂ ಒಟ್ಟಿಗೇ ಹೊರಬಿಡುವುದು ರೂಢಿಯಾಯಿತು. ಹಾಗಾದರೆ ಬೇರೆಯಾದದ್ದು ಯಾಕೆ? ಇಂಥದ್ದಕ್ಕೆ ನಮ್ಮ ಸಾಫ್ಟ್‌ವೇರಿನವರು ಡಿಸ್ಟ್ರಿಬ್ಯೂಟೆಡ್ ಮೊನೊಲಿತ್ ಅನ್ನುತ್ತಾರೆ, ಅಂದರೆ ಚೂರಾಗಿ ಹಂಚಿಹೋದರೂ ಒಂದಕ್ಕೊಂದು ಅಂಟಿಕೊಂಡೇ ಇರುವ ಒಂದೇ ದೊಡ್ಡ ಪ್ರೋಗ್ರಾಂ. ಒಂದೇ ದೊಡ್ಡದು, ಹಲವು ಚಿಕ್ಕವು, ಎರಡರ ಕಷ್ಟವೂ ಇದೆ, ಒಂದರ ಸುಖವೂ ಇಲ್ಲ.

ರೂಮಿನ ಲೆಕ್ಕ ರೂಮ್ ಸರ್ವಿಸ್‌ನದ್ದೇ ಆಗಬೇಕು. ಅದು ಬೇಕಾದ ಬೇರೆ ಸರ್ವಿಸ್‌ಗಳು ಬಾಗಿಲಲ್ಲಿ ನಿಂತು ಕೇಳಬೇಕು. ಇದಕ್ಕೂ ಬೆಲೆ ಉಂಟು. ಲೆಕ್ಕಗಳು ಬೇರೆ ಬೇರೆಯಾದ ಮೇಲೆ, ಹಣ ಕಟ್ ಆಗಿ ರೂಮ್ ಸಿಗದಿದ್ದರೆ ಡೇಟಾಬೇಸ್ ತಾನಾಗಿ ಎಲ್ಲವನ್ನೂ ಹಿಂದಕ್ಕೆ ಎಳೆಯುವುದಿಲ್ಲ. ಹಣ ವಾಪಸ್ ಕೊಡುವ ಹೆಜ್ಜೆಯನ್ನು ನಾವೇ ಬರೆಯಬೇಕು.

ಇನ್ನೊಂದು ಸಣ್ಣ ಲೆಕ್ಕ. ಒಂದು ಸರ್ವಿಸ್ 99.9 ಶೇಕಡಾ ಹೊತ್ತು ಎದ್ದಿರುತ್ತದೆ ಅನ್ನಿ. ಅಂಥ ಹತ್ತನ್ನು, ಒಂದು ಬಿದ್ದರೂ ಎಲ್ಲ ನಿಲ್ಲುವ ಹಾಗೆ, ಸರಪಳಿ ಮಾಡಿದರೆ ಒಟ್ಟು ಸುಮಾರು 99ಕ್ಕೆ ಇಳಿಯುತ್ತದೆ. ಅಂದರೆ ತಿಂಗಳಿಗೆ ಏಳು ಗಂಟೆ ಬಂದ್. ಮಳೆಗಾಲದಲ್ಲಿ ನಮಗೆ ಏಳು ಗಂಟೆ ಕರೆಂಟ್ ಹೋದರೆ ಸುದ್ದಿಯೇ ಅಲ್ಲ ಬಿಡಿ. ಗಿರಾಕಿಗೆ ಹಾಗಲ್ಲವಲ್ಲ.

ಅಸಲಿಗೆ ನಾವಿದ್ದದ್ದೇ ನಾಲ್ಕು ಜನ, ಒಂದೇ ಮೇಜು. ಜನ ಹೇಗೆ ಮಾತಾಡಿಕೊಳ್ಳುತ್ತಾರೋ ಅವರು ಕಟ್ಟುವ ವ್ಯವಸ್ಥೆಯೂ ಹಾಗೇ ಇರುತ್ತದೆ ಅಂತ ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದಿದ್ದರು. ನಾಲ್ಕು ಜನಕ್ಕೆ ಏಳು ಸರ್ವಿಸ್ ಯಾಕೆ ಬೇಕಿತ್ತು? ದೊಡ್ಡ ಕಂಪನಿಗಳು ಮಾಡಿದವು, ನಾವೂ ಮಾಡಿದೆವು, ಅಷ್ಟೇ. ತಮಾಷೆ ಅಂದರೆ, ಅಮೆಜಾನ್ ಪ್ರೈಮ್ ವಿಡಿಯೋದ ಒಂದು ತಂಡ ವಿಡಿಯೋ ಗುಣಮಟ್ಟ ಪರೀಕ್ಷಿಸುವ ತನ್ನ ಸರ್ವಿಸನ್ನು ಮತ್ತೆ ಒಂದೇ ಪ್ರೋಗ್ರಾಂ ಮಾಡಿ, ಖರ್ಚು 90 ಶೇಕಡಾಕ್ಕಿಂತ ಜಾಸ್ತಿ ಇಳಿಯಿತು ಅಂತ 2023ರಲ್ಲಿ ಹೇಳಿತು.

ನಾವು ಐದನ್ನು ಒಂದು ಮಾಡಿದೆವು. ಪಾವತಿ ಬೇರೆಯೇ ಇದೆ, ಅದರ ತಂಟೆಗೆ ಯಾರೂ ಹೋಗುವುದಿಲ್ಲ. ರೂಮ್ ಹುಡುಕಾಟದ್ದು ಬೇರೆ ಇರಬೇಕಾ ಬೇಡವಾ ಅಂತ ಇವತ್ತಿಗೂ ನಾಲ್ಕು ಜನರಲ್ಲಿ ಜಗಳ. ನಾನು ಬೇಡ ಅನ್ನುವ ಕಡೆ.

ನಮಸ್ಕಾರ.