ಕುಕ್ಕರ್ ಮೂರು ವಿಶಲ್ ಹಾಕೋದ್ರೊಳಗೆ ಜಪಾನಿ ಅಕ್ಷರ

[ದೃಶ್ಯ: ಅಡುಗೆಮನೆ. ಒಲೆ ಮೇಲೆ ಕುಕ್ಕರ್. ಕಟ್ಟೆ ಮೇಲೆ ಮಕ್ಕಳ ಚೌಕುಳಿ ಲೆಕ್ಕದ ಪುಸ್ತಕ, ಪೆನ್ಸಿಲ್.]

ನಮಸ್ಕಾರ. ಬೆಳಿಗ್ಗೆ ಬೇಳೆ ಇಟ್ಟರೆ ನಮ್ಮ ಮನೆ ಕುಕ್ಕರ್ ಮೂರು ವಿಶಲ್ ಹಾಕೋಕೆ ಹೆಚ್ಚುಕಡಿಮೆ 15 ನಿಮಿಷ ತಗೊಳ್ಳುತ್ತೆ. ಜಪಾನಿ ಕಲಿಯೋಕೆ ನನಗೆ ದಿನಾ ಸಿಗೋದು ಅಷ್ಟೇ ಹೊತ್ತು. ಆಮೇಲೆ ಡಬ್ಬಿ ಕಟ್ಟಬೇಕು, ಬಸ್ಸು ಹಿಡೀಬೇಕು. ರಾತ್ರಿ ವಾಪಸ್ ಬಂದಮೇಲೆ ಪುಸ್ತಕ ತೆಗೆದರೆ ತೂಕಡಿಕೆ. ನಿಮ್ಮದೂ ಇದೇ ಪಾಡಾದರೆ ಈ ವಿಡಿಯೋ ನಿಮಗೇ.

ಮೊದಲು ನಾನು ಹಾಳು ಮಾಡಿಕೊಂಡ ಎರಡು ತಿಂಗಳ ಕತೆ ಕೇಳಿ. ಅಕ್ಷರ ಆಮೇಲೆ ನೋಡ್ಕೊಂಡ್ರಾಯ್ತು, ಮೊದಲು ಮಾತು ಅಂದ್ಕೊಂಡು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಜಪಾನಿ ವಾಕ್ಯ ಉರು ಹೊಡೆದೆ. ಒಂದು ದಿನ ಆಫೀಸಿಗೆ ಜಪಾನಿನಿಂದ ಬಂದವರೊಬ್ಬರು ಎರಡೂ ಕೈಯಲ್ಲಿ ವಿಸಿಟಿಂಗ್ ಕಾರ್ಡ್ ಹಿಡಿದು ಕೊಟ್ಟರು. ನಾನೂ ಎರಡೂ ಕೈಯಲ್ಲಿ ಇಸ್ಕೊಂಡೆ, ವಿನಯವಾಗಿ ನೋಡಿದೆ. ಒಂದಕ್ಷರ ಗೊತ್ತಾಗಲಿಲ್ಲ. ಕಾರ್ಡು ತಲೆಕೆಳಗೆ ಹಿಡಿದಿದ್ದೀನಿ ಅನ್ನೋದೂ ಗೊತ್ತಾಗಲಿಲ್ಲ. ಅವರೇ ಮೆಲ್ಲಗೆ ತಿರುಗಿಸಿ ಕೊಟ್ಟರು.

ಅವತ್ತು ಮನೆಗೆ ಬಂದು ಹಿರಗಾನ ಪಟ್ಟಿ ತೆಗೆದೆ. ಜಪಾನಿಗೆ ಮೂರು ಬಗೆ ಬರಹ ಇದೆ: ಹಿರಗಾನ, ಕತಕಾನ, ಕಾಂಜಿ. ಮೊದಲ ಎರಡೂ ಉಚ್ಚಾರಣೆಯ ಅಕ್ಷರಗಳು, ಒಂದೊಂದರಲ್ಲಿ 46. ಮೂರನೇದು ಚೀನಾದಿಂದ ಬಂದ, ಅರ್ಥ ಹೊತ್ತ ಅಕ್ಷರ. ನಮ್ಮಂಥವರು ಶುರು ಮಾಡಬೇಕಾದ್ದು ಹಿರಗಾನದಿಂದ.

[ಪರದೆ: ಹಿರಗಾನ ಪಟ್ಟಿ, ಒಂದೊಂದೇ ಸಾಲು ಮೂಡಿ ಬರುತ್ತದೆ]

ಈಗ ಈ ಪಟ್ಟಿಯನ್ನ ಜೋರಾಗಿ ಓದ್ತೀನಿ, ಕೇಳಿ. ಅ, ಇ, ಉ, ಎ, ಒ. ಆಮೇಲೆ ಸಾಲುಗಳು: ಕ, ಸ, ತ, ನ, ಹ, ಮ, ಯ, ರ, ವ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಸ ಇರೋ ಕಡೆ ಚ ಹಾಕಿ, ಹ ಇರೋ ಕಡೆ ಪ ಹಾಕಿ. ಕ, ಚ, ತ, ನ, ಪ, ಮ, ಯ, ರ, ವ. ನಮ್ಮ ವರ್ಣಮಾಲೆ!

ಇದು ಕಾಕತಾಳೀಯ ಅಲ್ಲ. ಜಪಾನಿನ ಬೌದ್ಧ ಭಿಕ್ಷುಗಳು ಮಂತ್ರ ಸರಿಯಾಗಿ ಹೇಳಬೇಕು ಅಂತ ಸಂಸ್ಕೃತ ಅಕ್ಷರಗಳನ್ನ ಸಿದ್ಧಂ ಅನ್ನೋ ಹಳೇ ಭಾರತೀಯ ಲಿಪಿಯಲ್ಲಿ ಕಲೀತಿದ್ರು. ಕೂಕಾಯ್ ಅನ್ನೋ ಭಿಕ್ಷು 804ರಲ್ಲಿ ಚೀನಾಕ್ಕೆ ಹೋಗಿ ಸಂಸ್ಕೃತ ಕಲಿತು, 806ರಲ್ಲಿ ಗ್ರಂಥಗಳ ಜೊತೆ ವಾಪಸ್ ಬಂದ. ಆ ಕಲಿಕೆಯಿಂದಲೇ ಗಂಟಲಿನಿಂದ ತುಟಿವರೆಗೆ ಧ್ವನಿ ಹುಟ್ಟೋ ಜಾಗ ನೋಡಿ ಜೋಡಿಸೋ ನಮ್ಮ ಪದ್ಧತಿ ಜಪಾನಿ ಅಕ್ಷರಗಳಿಗೂ ಬಂತು. ಇವತ್ತಿಗೂ ಅವರ ನಿಘಂಟು ಇದೇ ಕ್ರಮದಲ್ಲಿರುತ್ತೆ. ಹ ಸಾಲಿನ ಧ್ವನಿ ಹಳೇ ಕಾಲದಲ್ಲಿ ಪ ಆಗಿತ್ತು, ಸ ಚಕಾರಕ್ಕೆ ಹತ್ತಿರ ಇತ್ತು ಅಂತಾರೆ ಭಾಷಾಶಾಸ್ತ್ರಜ್ಞರು. ಆಮೇಲೆ ಉಚ್ಚಾರಣೆ ಜಾರಿತು, ಸಾಲು ಮಾತ್ರ ಕೂತಲ್ಲೇ ಕೂತಿದೆ.

ಅಂದರೆ ಕ್ರಮ ನಿಮಗೆ ಆಗಲೇ ಬಾಯಿಪಾಠ. ಹ್ರಸ್ವ ಎ, ಒ ಕೂಡ ನಮ್ಮಲ್ಲಿವೆ. ದೀರ್ಘ-ಹ್ರಸ್ವದ ವ್ಯತ್ಯಾಸವನ್ನೂ ಯಾರೂ ಹೇಳಿಕೊಡಬೇಕಿಲ್ಲ: ಜಪಾನಿಯಲ್ಲಿ ಒಬಸಾನ್ ಅಂದರೆ ಅತ್ತೆನೋ ಚಿಕ್ಕಮ್ಮನೋ, ಒಬಾಸಾನ್ ಅಂದರೆ ಅಜ್ಜಿ. ಒಂದು ದೀರ್ಘ ಎಳೆದರೆ ಚಿಕ್ಕಮ್ಮ ಮುನಿಸ್ಕೊಳ್ಳೋದು ಖಂಡಿತ.

ಇನ್ನೂ ಇದೆ. ‘ತ್ಸು’ ಅಕ್ಷರವನ್ನ ಚಿಕ್ಕದಾಗಿ ಬರೆದರೆ ಮುಂದಿನ ವ್ಯಂಜನಕ್ಕೆ ಒತ್ತು ಬೀಳುತ್ತೆ. ಕಿತೆ ಅಂದರೆ ‘ಬಂದು’, ಕಿತ್ತೆ ಅಂದರೆ ಅಂಚೆಚೀಟಿ. ಕತೆಗೂ ಕತ್ತೆಗೂ ವ್ಯತ್ಯಾಸ ಗೊತ್ತಿರೋರಿಗೆ ಇದರಲ್ಲಿ ಏನು ಕಷ್ಟ? ಪಟ್ಟಿಯ ಕೊನೇ ಅಕ್ಷರ ‘ನ್’ ಇದೆಯಲ್ಲ, ಅದು ಥೇಟ್ ನಮ್ಮ ಸೊನ್ನೆ. ಸಂಬಳದಲ್ಲಿ ಮ್ ಆಗುತ್ತೆ, ಅಂಗಡಿಯಲ್ಲಿ ಙ್ ಆಗುತ್ತೆ. ಜಪಾನಿಯಲ್ಲೂ ಬರೆಯೋದು ಶಿನ್‌ಬುನ್, ಹೇಳೋದು ಶಿಂಬುನ್. ಅರ್ಥ, ದಿನಪತ್ರಿಕೆ.

[ಕುಕ್ಕರ್ ಮೊದಲ ವಿಶಲ್]

ಧ್ವನಿಗೆ ಸಮಯ ಹಾಕಬೇಡಿ ಅಂತ ಹೇಳೋಕೆ ಇಷ್ಟೆಲ್ಲ ಹೇಳಿದೆ. ನಿಮ್ಮ 15 ನಿಮಿಷ ಪೂರ್ತಿ ಆಕಾರಕ್ಕೆ ಹೋಗಬೇಕು. ಯಾಕಂದ್ರೆ ನಮಗೆ ಏಟು ಬೀಳೋದು ಅಲ್ಲೇ. ಕ ಕಲಿತರೆ ಕಿ, ಕು, ಕೆ, ಕೊ ತಾನಾಗಿ ಬರುತ್ತೆ ಅನ್ನೋ ಕಾಗುಣಿತದ ಅಭ್ಯಾಸ ನಮಗೆ. ಇಲ್ಲಿ ಕಾಗುಣಿತ ಇಲ್ಲ. ಕ, ಕಿ, ಕು, ಕೆ, ಕೊ ಐದೂ ಒಂದಕ್ಕೊಂದು ಸಂಬಂಧವಿಲ್ಲದ ಐದು ಚಿತ್ರ. ಗುಡಿಸು, ಕೊಂಬು ಹುಡುಕುತ್ತಾ ನಾನು ಒಂದು ವಾರ ಕಳೆದಿದ್ದೀನಿ.

[ಪರದೆ: ಚೌಕುಳಿ ಪುಸ್ತಕದ ಹಾಳೆ, ನಾಲ್ಕು ಚೌಕ ಸೇರಿಸಿ ಒಂದು ದೊಡ್ಡ ಚೌಕ]

ಮಕ್ಕಳ ಲೆಕ್ಕದ ಪುಸ್ತಕ ತಗೊಳ್ಳಿ. ನಾಲ್ಕು ಚೌಕ ಸೇರಿಸಿ ಒಂದು ಅಂದ್ಕೊಳ್ಳಿ. ನಡುವೆ ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ ತಾನಾಗಿ ಸಿಗುತ್ತೆ. ಜಪಾನಿನ ಮಕ್ಕಳು ತಿದ್ದೋ ಪುಸ್ತಕದಲ್ಲೂ ಹೀಗೇ ನಡುಗೆರೆ ಇರುತ್ತೆ. ಯಾವ ಗೆರೆ ಎಲ್ಲಿ ಶುರುವಾಗುತ್ತೆ, ಎಲ್ಲಿ ತಿರುಗುತ್ತೆ ಅನ್ನೋದು ಇದರಿಂದ ಗೊತ್ತಾಗುತ್ತೆ. ಹೆಚ್ಚಾಗಿ ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ.

ದಿನಕ್ಕೆ ಒಂದೇ ಸಾಲು, ಐದೇ ಅಕ್ಷರ. ಆದರೆ ಹೊಸ ಸಾಲಿಗೆ ಕೈ ಹಾಕೋ ಮುಂಚೆ, ಮೊದಲ ಐದು ನಿಮಿಷ ನಿನ್ನೆದು, ಮೊನ್ನೆದು ಖಾಲಿ ಹಾಳೆ ಮೇಲೆ ನೋಡದೇ ಬರೀಬೇಕು. ನೋಡದೇ ಅನ್ನೋದು ಮುಖ್ಯ. ಒಂದೇ ಅಕ್ಷರವನ್ನ ನೋಡಿಕೊಂಡು ಐವತ್ತು ಸಲ ತಿದ್ದಿದರೆ ಕೈಗೆ ವ್ಯಾಯಾಮ, ತಲೆಗೆ ರಜೆ. ಬರಲಿಲ್ಲ ಅಂದ್ರೆ ಹತ್ತು ಸೆಕೆಂಡ್ ಒದ್ದಾಡಿ, ಆಮೇಲೆ ನೋಡಿ.

ಹರ್ಮನ್ ಎಬ್ಬಿಂಗ್‌ಹೌಸ್ ಅಂತ ಒಬ್ಬ ಜರ್ಮನ್ ಮನಶ್ಶಾಸ್ತ್ರಜ್ಞ ಇದ್ದ. ಅರ್ಥವೇ ಇಲ್ಲದ ಉಚ್ಚಾರಗಳನ್ನ ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೀತೀನಿ ಅಂತ ಲೆಕ್ಕ ಇಟ್ಟು 1885ರಲ್ಲಿ ಪ್ರಕಟಿಸಿದ. ಒಂದೇ ಸಲಕ್ಕೆ ಓದೋದಕ್ಕಿಂತ ದಿನಗಳಿಗೆ ಹಂಚಿಕೊಂಡು ಓದಿದ್ದು ಚೆನ್ನಾಗಿ ನಿಲ್ಲುತ್ತೆ ಅನ್ನೋದು ಅವನಿಗೆ ಸಿಕ್ಕಿತು. ಹಾಗಾಗಿ ಭಾನುವಾರ ಎರಡು ಗಂಟೆ ಕೂತು ವಾರದ ಬಾಕಿ ತೀರಿಸ್ತೀನಿ ಅನ್ನೋರಿಗೆ ನನ್ನ ಕೈಮುಗಿತ. ಫೋನಲ್ಲಿ ಮಾಡೋರಿಗೆ ಆಂಕಿ ಅನ್ನೋ ಆ್ಯಪ್ ಇದೆ, ಮರೆಯೋ ಹೊತ್ತಿಗೆ ನೋಡಿ ಮತ್ತೆ ಕೇಳುತ್ತೆ. ಜಪಾನಿಯಲ್ಲಿ ಆಂಕಿ ಅಂದರೇ ಬಾಯಿಪಾಠ.

ಕೊನೇ ಎರಡು ಮೂರು ನಿಮಿಷ ಪದ ಓದಿ. ಮೊದಲ ಸಾಲಿನ ಐದಕ್ಷರ ಬಂದರೇ ಅಒ ಓದಬಹುದು, ನೀಲಿ. ಇಎ, ಮನೆ. ಉಎ, ಮೇಲೆ. ಎರಡನೇ ದಿನ ಕ ಸಾಲು ಸೇರಿದರೆ ಅಕ ಅಂದರೆ ಕೆಂಪು, ಕಒ ಅಂದರೆ ಮುಖ, ಎಕಿ ಅಂದರೆ ರೈಲ್ವೆ ಸ್ಟೇಷನ್. ಅಕ್ಷರದ ಕೆಳಗೆ ಇಂಗ್ಲಿಷೂ ಬೇಡ, ಕನ್ನಡವೂ ಬೇಡ. ಬರೆದಿದ್ದರೆ ಕಣ್ಣು ಅಲ್ಲಿಗೇ ಓಡುತ್ತೆ.

[ಕುಕ್ಕರ್ ಎರಡನೇ ವಿಶಲ್]

ಎರಡು ವಾರಕ್ಕೆ ಹಿರಗಾನ ಮುಗಿಯುತ್ತೆ, ರಜೆ ದಿನಗಳನ್ನೂ ಸೇರಿಸಿ. ನಡುವೆ ಎಡವೋದು ಅವಳಿ ಅಕ್ಷರಗಳಲ್ಲಿ. ನೆ, ರೆ, ವ ಮೂರಕ್ಕೂ ಎಡಭಾಗ ಒಂದೇ. ಬಾಲ ನೋಡಿ: ನೆ ಸುರುಳಿ ಸುತ್ತಿಕೊಳ್ಳುತ್ತೆ, ರೆ ಹೊರಕ್ಕೆ ಚಿಮ್ಮುತ್ತೆ, ವ ಒಳಕ್ಕೆ ಬಾಗುತ್ತೆ. ಹೊರಗಿನವರಿಗೆ ನಮ್ಮ ದ, ಧ, ಥ ಹೇಗೆ ಕಾಣುತ್ತೋ ಹಾಗೆ. ಗ, ದ, ಬ ಬೇಕಾದರೆ ಹೊಸ ಅಕ್ಷರ ಇಲ್ಲ, ಕ, ತ, ಹ ತಲೆಯ ಬಲಕ್ಕೆ ಎರಡು ಚಿಕ್ಕ ಗೀಟು. ಹಕಾರಕ್ಕೆ ಗೀಟಿನ ಬದಲು ಸಣ್ಣ ಸೊನ್ನೆ ಇಟ್ಟರೆ ಪ. ಹಳೇ ಪಕಾರ ಅಲ್ಲಿ ಹಿಂಬಾಗಿಲಿಂದ ಬಂತು ನೋಡಿ.

ಆಮೇಲೆ ಕತಕಾನ. ಭಿಕ್ಷುಗಳು ಚೀನೀ ಗ್ರಂಥದ ಸಾಲಿನ ಪಕ್ಕ ಗುರುತು ಹಾಕೋಕೆ ಪೂರ್ತಿ ಕಾಂಜಿ ಬರೆಯೋ ಬದಲು ಅದರ ಒಂದು ತುಂಡು ಬರೆದರು, ಅದೇ ಕತಕಾನ ಆಯ್ತು. ಈಗ ಹೊರಗಿನ ಪದಗಳಿಗೆ, ಹೊರಗಿನವರ ಹೆಸರಿಗೆ ಬಳಸ್ತಾರೆ. ಕಾಫಿ ಅಲ್ಲಿ ಕೋಹೀ: ಕೊ, ಒಂದು ಗೆರೆ, ಹಿ, ಒಂದು ಗೆರೆ. ಗೆರೆ ಅಂದರೆ ದೀರ್ಘ.

[ಪರದೆ: ಎರಡು ಕತಕಾನ ಪದ, ಒಂದರ ಕೆಳಗೊಂದು]

ಮೇಲಿನದು ಕನ್ನಡ: ಕ, ನ್, ನ, ದ. ಅವರಿಗೆ ಡಕಾರ ಇಲ್ಲ, ತಕಾರಕ್ಕೆ ಗೀಟು ಹಾಕಿ ದ. ಕೆಳಗಿನದರಲ್ಲಿ ಆ ‘ನ್’ ಬಿಟ್ಟುಹೋಗಿದೆ: ಕನದ. ಅದು ಕೆನಡಾ. ಆ ‘ನ್’ ಬರೆಯೋವಾಗ ಉದ್ದಗೆರೆ ಕೆಳಗಿಂದ ಮೇಲಕ್ಕೆ ಹೋಗಬೇಕು. ಮೇಲಿಂದ ಕೆಳಕ್ಕೆ ಎಳೆದರೆ ಅದು ‘ಸೊ’, ಆಗ ನಿಮ್ಮ ಭಾಷೆ ಕಸೊನದ. ಗೆರೆ ಎಳೆಯೋ ದಿಕ್ಕು ಕಲಿಯಿರಿ ಅಂತ ನಾನು ಹಟ ಹಿಡಿಯೋದು ಇದಕ್ಕೇ. ಬೆಂಗಳೂರಲ್ಲೂ ನಡೆಯೋ ಜೆಎಲ್‌ಪಿಟಿ ಅನ್ನೋ ಜಪಾನಿ ಭಾಷಾ ಪರೀಕ್ಷೆಯಲ್ಲಿ ಕೈಬರಹ ಕೇಳಲ್ಲ, ಆಯ್ಕೆ ಪ್ರಶ್ನೆ ಮಾತ್ರ, ಮತ್ಯಾಕೆ ಬರೀಬೇಕು ಅಂತ ಕೆಲವರು ಕೇಳ್ತಾರೆ. ಕಾಂಜಿಗೆ ಆ ವಾದ ಒಪ್ತೀನಿ. ಈ 92 ಅಕ್ಷರಕ್ಕೆ ಒಪ್ಪಲ್ಲ.

ಕಾಂಜಿ ಬಗ್ಗೆ ಹೆದರಿಸೋ ಅಂಕಿ ಬೇಕಾದರೆ: ದಿನಬಳಕೆಗೆ ಅಂತ ಸರ್ಕಾರ ಪಟ್ಟಿ ಮಾಡಿರೋದು 2136. ಅಲ್ಲಿನ ಒಂದನೇ ಕ್ಲಾಸಿನ ಮಕ್ಕಳು ವರ್ಷಕ್ಕೆ 80 ಕಲೀತಾರೆ. ನಾವು ಏಳರಿಂದ ಶುರು ಮಾಡೋಣ.

[ಪರದೆ: ಗೋಡೆ ಕ್ಯಾಲೆಂಡರ್, ವಾರದ ಹೆಸರುಗಳ ಕೆಳಗೆ ಪೆನ್ಸಿಲಿನಲ್ಲಿ ಏಳು ಕಾಂಜಿ]

ಗ್ರಹದ ಹೆಸರಿನ ವಾರ ಅವರಿಗೂ ಚೀನಾ ಮೂಲಕ ತಲುಪಿದೆ. ಭಾನುವಾರಕ್ಕೆ ಸೂರ್ಯ, ಸೋಮವಾರಕ್ಕೆ ಚಂದ್ರ. ಮಂಗಳ ಅವರಿಗೆ ಬೆಂಕಿ ನಕ್ಷತ್ರ, ಹಾಗಾಗಿ ಮಂಗಳವಾರ ಬೆಂಕಿ. ಬುಧ ನೀರು, ಗುರು ಮರ, ಶುಕ್ರ ಚಿನ್ನ, ಶನಿ ಮಣ್ಣು. ಏಳು ಕಾಂಜಿ, ಏಳೂ ದಿನಾ ಕಣ್ಣಿಗೆ ಬೀಳೋವು. ಒಂದೇ ಕಾಂಜಿಗೆ ಹಲವು ಉಚ್ಚಾರಣೆ ಅನ್ನೋ ತಲೆನೋವೂ ಇಲ್ಲೇ ಪರಿಚಯ ಆಗುತ್ತೆ: ಭಾನುವಾರ ಅಂದರೆ ನಿಚಿಯೋಬಿ, ಸೂರ್ಯನ ಕಾಂಜಿ ಅದರಲ್ಲಿ ಎರಡು ಸಲ ಬರುತ್ತೆ, ಮೊದಲು ‘ನಿಚಿ’, ಕೊನೆಗೆ ‘ಬಿ’.

ನಾನು ಇವನ್ನ ಅಡುಗೆಮನೆ ಕ್ಯಾಲೆಂಡರ್ ಮೇಲೆ ಬರೆದಿಟ್ಟೆ. ಅಮ್ಮ ಬಂದು ಬುಧವಾರದ ಕೆಳಗೆ ಬೆರಳಿಟ್ಟು, ‘ಇದೇನೇ ಇದು?’ ಅಂದರು. ‘ನೀರು ಅಂತ ಅಮ್ಮ.’

‘ಒಳ್ಳೇದಾಯ್ತು. ಶನಿವಾರಕ್ಕೂ ಬರಿ. ಅವತ್ತೂ ಬಿಡ್ತಾರೆ.’

[ಕುಕ್ಕರ್ ಮೂರನೇ ವಿಶಲ್]