ಅಳು ನಿಂತ ಮೇಲೆ

(ಧಾರವಾಡದಲ್ಲಿ ಪಾಲಕರು ಮತ್ತು ಶಿಕ್ಷಕರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆ ಮಗುವನ್ನು ಹೊಗಳುವ ಮಾತೊಂದಿದೆ: "ಭಾಳ ಶಾಣ್ಯಾ ಕೂಸು, ಅಳೂದಽ ಇಲ್ಲ." ಅವ್ವ ಹೊರಗೆ ಹೋದರೂ ಅಳುವುದಿಲ್ಲ, ಬಂದರೂ ಓಡಿ ಬರುವುದಿಲ್ಲ, ತನ್ನ ಪಾಡಿಗೆ ಆಡಿಕೊಂಡಿರುತ್ತದೆ. ಇವತ್ತಿನ ಮಾತನ್ನು ಈ ಶಾಣ್ಯಾ ಕೂಸಿನಿಂದಲೇ ಶುರು ಮಾಡುತ್ತೇನೆ. ಮೂವತ್ತು ವರ್ಷ ಕಳೆದ ಮೇಲೆ ತಲೆನೋವು, ಎದೆಭಾರ, ನಿದ್ದೆಯಿಲ್ಲ ಎಂದು ಡಾಕ್ಟರ ಹತ್ತಿರ ಬರುವವರಿದ್ದಾರೆ. ರಕ್ತ, ಇಸಿಜಿ, ಸ್ಕ್ಯಾನು ಎಲ್ಲ ಸರಿ ಇರುತ್ತದೆ. ಮನಸ್ಸಿಗೆ ಏನಾದರೂ ಬೇಜಾರಿದೆಯೇ ಎಂದು ಕೇಳಿದರೆ "ಏನಿಲ್ರಿ, ಎಲ್ಲಾ ಆರಾಮ ಐತಿ" ಎನ್ನುತ್ತಾರೆ. ಅವರಲ್ಲಿ ಹಲವರ ಒಳಗೆ ಆ ಕೂಸು ಇನ್ನೂ ಅಳದೆ ಕೂತಿರುತ್ತದೆ.

ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಮೊದಲು ಉಗಾಂಡಾದಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ತಾಯಿ-ಮಕ್ಕಳನ್ನು ಅವರವರ ಮನೆಯಲ್ಲೇ ಕೂತು ನೋಡಿದವರು. ಅವರು ರೂಪಿಸಿದ ಸರಳ ಪರೀಕ್ಷೆಯೊಂದಿದೆ. ವರ್ಷ, ಒಂದೂವರೆ ವರ್ಷದ ಕೂಸು, ಆಟಿಕೆ ಇಟ್ಟ ಹೊಸ ಕೋಣೆ, ಒಟ್ಟು 20 ನಿಮಿಷದ ಆಸುಪಾಸು. ತಾಯಿ ಎರಡು ಸಲ ಎದ್ದು ಹೊರಗೆ ಹೋಗುತ್ತಾಳೆ, ಒಂದೊಂದು ಸಲಕ್ಕೆ ಹೆಚ್ಚೆಂದರೆ 3 ನಿಮಿಷ. ಕೂಸು ಎಷ್ಟು ಅಳುತ್ತದೆ ಎಂದು ನೋಡುವ ಪರೀಕ್ಷೆ ಇದೆಂದು ಅನೇಕರು ತಿಳಿದಿದ್ದಾರೆ. ಐನ್ಸ್‌ವರ್ತ್ ಮುಖ್ಯವಾಗಿ ಕಣ್ಣಿಟ್ಟದ್ದು ತಾಯಿ ಮರಳಿ ಬಂದ ಗಳಿಗೆಯ ಮೇಲೆ. ಕೆಲವು ಮಕ್ಕಳು ಅತ್ತು, ತೋಳಿಗೆ ಹಾರಿ, ಬೇಗನೆ ಸಮಾಧಾನವಾಗಿ ಮತ್ತೆ ಆಟಕ್ಕಿಳಿದವು. ಕೆಲವು ಅಪ್ಪಿಕೊಂಡೂ ಕೊಸರಾಡಿದವು, ಅಳು ನಿಲ್ಲಲೇ ಇಲ್ಲ. ಇನ್ನು ಕೆಲವು ತಾಯಿ ಬಂದದ್ದು ಕಾಣದ ಹಾಗೆ ಆಟಿಕೆಯ ಕಡೆ ಮುಖ ತಿರುಗಿಸಿದವು. ಈ ಮೂರನೆಯವೇ ನಮ್ಮ ಶಾಣ್ಯಾ ಕೂಸುಗಳು. 1977ರಲ್ಲಿ ಬೇರೆ ಸಂಶೋಧಕರು ಇಂಥ ಮಕ್ಕಳ ಎದೆಬಡಿತ ಅಳೆದರು. ಮುಖದ ಮೇಲೆ ಏನೂ ಕಾಣುತ್ತಿರಲಿಲ್ಲ, ಎದೆ ಮಾತ್ರ ಅಳುವ ಮಕ್ಕಳ ಎದೆಯಂತೆಯೇ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

ಹಾಗಂತ ಅಳದ ಮಕ್ಕಳೆಲ್ಲ ನೊಂದವರಲ್ಲ. ಕೆಲವರು ಹುಟ್ಟಿನಿಂದಲೇ ತಣ್ಣಗಿನ ಸ್ವಭಾವದವರು. ಬಿದ್ದು ಮೊಣಕಾಲು ತರಚಿದಾಗ ಗಮನಿಸಿ ನೋಡಿ. ಸ್ವಭಾವದಿಂದ ಶಾಂತವಾದ ಮಗು ಆಗ ಯಾರದಾದರೂ ಮಡಿಲು ಹುಡುಕುತ್ತದೆ. ಇನ್ನೊಂದು ಮಗು ಮೂಲೆ ಹುಡುಕುತ್ತದೆ.

ಹೆದರಿದಾಗ ಅಡ್ರಿನಲಿನ್ ಎಂಬ ಹಾರ್ಮೋನು ಕೆಲವೇ ಸೆಕೆಂಡುಗಳಲ್ಲಿ ಏರುತ್ತದೆ. ಅದರ ಹಿಂದೆಯೇ ಮೆದುಳಿನ ಹೈಪೋಥಲಾಮಸ್‌ನಿಂದ ಪಿಟ್ಯುಟರಿ ಗ್ರಂಥಿಗೆ, ಅಲ್ಲಿಂದ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಸಂದೇಶ ಹೋಗಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಹರಿಯುತ್ತದೆ. ಅದು ತುದಿ ಮುಟ್ಟಲು 20ರಿಂದ 30 ನಿಮಿಷ ಬೇಕು. ಇಳಿಯುವುದಕ್ಕೆ ಇನ್ನೂ ಹೆಚ್ಚು ಹೊತ್ತು. ದೊಡ್ಡವರು ಇದನ್ನು ಅಷ್ಟಿಷ್ಟು ತಾವೇ ಇಳಿಸಿಕೊಳ್ಳಬಲ್ಲರು. ಚಿಕ್ಕ ಮಗುವಿಗೆ ಅದು ಆಗುವುದಿಲ್ಲ, ಯಾರದೋ ಮೈಯ ಬಿಸಿ, ಯಾರದೋ ದನಿ ಬೇಕು. ಅದು ಸಿಕ್ಕಾಗಲೆಲ್ಲ ದೇಹ ಇಳಿಯುವುದನ್ನು ಕಲಿಯುತ್ತದೆ. ಸಿಗದೆ ವರ್ಷಗಳು ಕಳೆದರೆ ದೇಹ ಏರಿದಲ್ಲೇ ಇರುವುದನ್ನು ಕಲಿಯುತ್ತದೆ, ಬಾಯಿ ಮುಚ್ಚಿಕೊಂಡಿರುವುದನ್ನೂ ಕಲಿಯುತ್ತದೆ. ಅಳು ನಿಂತಿತು ಎಂದರೆ ಸಂಕಟ ನಿಂತಿತು ಎಂದಲ್ಲ. ನನ್ನ ಮಾತಿನ ತಿರುಳು ಇಷ್ಟೇ. ಇನ್ನು ಇದು ನಮ್ಮ ಮನೆಗಳಲ್ಲಿ ಹೇಗೆ ನಡೆಯುತ್ತದೆ ಎಂದು ನೋಡೋಣ.

ಗದಗ, ಹಾವೇರಿ ಜಿಲ್ಲೆಗಳ ಹಳ್ಳಿಗಳಿಂದ ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಗುಳೆ ಹೋಗುವ ಮನೆಗಳು ಬಹಳ. ಹೊಟ್ಟೆಪಾಡಿಗೆ ಹೋಗುವವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ ಹೋಗುವ ರೀತಿಯಲ್ಲಿ ಒಂದು ತಪ್ಪು ಮನೆಮನೆಯಲ್ಲೂ ಆಗುತ್ತದೆ. ಕೂಸು ಅಳುತ್ತದೆ ಎಂದು, ಅದು ಮಲಗಿದಾಗ ನಸುಕಿನ ಬಸ್ ಹಿಡಿಯುತ್ತಾರೆ. ಎದ್ದ ಮಗುವಿನ ಪಕ್ಕದ ಹಾಸಿಗೆ ಖಾಲಿ. ಆ ಮಗು ಅವತ್ತು ಕಲಿಯುವ ಪಾಠ, ನಿದ್ದೆ ಮಾಡಿದರೆ ಮಂದಿ ಇಲ್ಲವಾಗುತ್ತಾರೆ ಎಂಬುದು. ಮುಂದೆ ಕೆಲವು ವಾರ ರಾತ್ರಿ ಮಲಗಲು ಹಟ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರು, ಅಜ್ಜಿಯ ಸೀರೆ ಸೆರಗು ಬಿಡದಿರುವುದು. ಅಜ್ಜಿ ಸೋತು "ಅತ್ತರ ನಿಮ್ಮವ್ವ ಬರೂದಽ ಇಲ್ಲ" ಎನ್ನುತ್ತಾಳೆ. ಅವ್ವ ಹೋದದ್ದು ತನ್ನ ಅಳುವಿನಿಂದಲೇ ಎಂದು ಮಗು ಲೆಕ್ಕ ಹಾಕಿ ಅಳು ನುಂಗುತ್ತದೆ. ಆಗ ಮನೆಯವರು "ಈಗ ಸುಧಾರಿಸ್ತು" ಎನ್ನುತ್ತಾರೆ. ತಂದೆತಾಯಿಯಿಂದ ದೂರವಾಗಿ ಆಸ್ಪತ್ರೆಯಲ್ಲಿ ಉಳಿದ ಮಕ್ಕಳಲ್ಲಿ ಬ್ರಿಟನ್ನಿನ ಸಂಶೋಧಕರಾದ ಜೇಮ್ಸ್ ರಾಬರ್ಟ್‌ಸನ್ ಮತ್ತು ಜಾನ್ ಬೌಲ್ಬಿ ಕಂಡದ್ದೂ ಇದೇ. ಮೊದಲು ರಂಪ, ಆಮೇಲೆ ಹತಾಶೆ, ಕೊನೆಗೆ ನಂಟು ಕಡಿದುಕೊಳ್ಳುವುದು. ಆ ಕೊನೆಯ ಹಂತವನ್ನೇ ದಾದಿಯರು 'ಹೊಂದಿಕೊಂಡಿತು' ಎಂದು ಬರೆದಿಡುತ್ತಿದ್ದರು.

ಹಾಗಾದರೆ ಹೇಗೆ ಹೋಗಬೇಕು? ಹಿಂದಿನ ದಿನವೇ ಹೇಳಿ. ಹೊರಡುವಾಗ ಎಬ್ಬಿಸಿ, ಎತ್ತಿಕೊಳ್ಳಿ. ಚಾಕಲೇಟ್ ತರಲು ಹೊರಟೆ ಎಂಬ ಸುಳ್ಳು ಬೇಡ. ಅಳಲಿ, ಅಜ್ಜಿ "ಅವ್ವನ್ನ ನೆನಸಿ ಅಳು ಬಂತೇನ, ಬಾ" ಎಂದು ತೊಡೆಯ ಮೇಲೆ ಕೂಡಿಸಿಕೊಂಡರೆ ಸಾಕು, ಸುಮ್ಮನಿರಿಸಲು ಒದ್ದಾಡಬೇಕಿಲ್ಲ. ನಾಲ್ಕು ವರ್ಷದ ಮಗುವಿಗೆ 'ಮೂರು ತಿಂಗಳು' ತಿಳಿಯುವುದಿಲ್ಲ, 'ಪಂಚಮಿ ಉಂಡಿ ಮಾಡುವಾಗ' ಎಂದರೆ ತಿಳಿಯುತ್ತದೆ. ವಾರಕ್ಕೊಂದರಂತೆ ಗಂಟು ಹಾಕಿದ ಹಗ್ಗ ಬಾಗಿಲ ಹಿಂದೆ ತೂಗುಹಾಕಿ, ಪ್ರತಿ ಸೋಮವಾರ ಮಗುವಿನ ಕೈಯಲ್ಲೇ ಒಂದು ಗಂಟು ಬಿಚ್ಚಿಸಿ. ಫೋನ್ ದಿನವೂ ಅದೇ ಹೊತ್ತಿಗೆ ಬರಲಿ. ಎರಡು ನಿಮಿಷ ಮಾತಾಡಿ ಮಗು ಓಡಿಹೋದರೆ ಬೇಜಾರು ಬೇಡ, ಅದಕ್ಕೆ ಬೇಕಿದ್ದುದು ಆ ಎರಡು ನಿಮಿಷವೇ.

ಇದರ ಇನ್ನೊಂದು ಮುಖದ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ. ಆರನೆಯ ವಯಸ್ಸಿಗೆ ಶಾಲೆಗೆಂದು ಮಗುವನ್ನು ಊರಿಂದ ಕರೆದೊಯ್ಯುತ್ತಾರೆ. ಅಪ್ಪ-ಅವ್ವನಿಗೆ ಅದು ಒಂದಾಗುವ ಸಂತೋಷ, ಮಗುವಿಗೆ ಅಜ್ಜಿಯನ್ನು ಕಳೆದುಕೊಳ್ಳುವ ದಿನ. ಮಗುವಿನ ನಂಟು ರಕ್ತ ನೋಡುವುದಿಲ್ಲ. ರಾತ್ರಿ ಎದ್ದಾಗ ನೀರು ಕೊಟ್ಟ ಕೈ ಯಾವುದೋ ಅದನ್ನು ನೋಡುತ್ತದೆ. ಅಜ್ಜಿಯೂ ಜೊತೆಗೆ ಹೋಗಿ ಹತ್ತು-ಹದಿನೈದು ದಿನ ಇದ್ದು ಬರಲಿ. ಅಜ್ಜಿ ಹೊದಿಸುತ್ತಿದ್ದ ಕೌದಿಯನ್ನು ಒಗೆಯದೆ ಕಳಿಸಿ, ಆ ವಾಸನೆಯಲ್ಲೇ ಮಗುವಿಗೆ ನಿದ್ದೆ. "ಅಜ್ಜಿ ಹಂತೇಕ ಬೆಳದು ಕೆಟ್ಟೈತಿ" ಎಂಬ ಮಾತು ಅದರ ಮುಂದೆ ಬೇಡ. ಇಂಥ ಅಜ್ಜಿ ತೀರಿಕೊಂಡಾಗ ಮಗುವಿಗೆ ಆಗುವುದು ತಾಯಿ ಸತ್ತ ದುಃಖ. ಶಿಕ್ಷಕರು ಇದನ್ನು ದಯವಿಟ್ಟು ಗಮನದಲ್ಲಿಡಿ.

ದೂರ ಹೋಗದ ಮನೆಗಳಲ್ಲೂ ನಂಟು ದಿನಕ್ಕೆ ಹತ್ತು ಸಲ ಕಡಿಯುತ್ತದೆ. ಎಡ್ ಟ್ರಾನಿಕ್ ಎಂಬ ಸಂಶೋಧಕರು ತಾಯಿ-ಕೂಸಿನ ಮುಖಭಾವಗಳನ್ನು ಕ್ಷಣಕ್ಷಣಕ್ಕೂ ಎಣಿಸಿದಾಗ, ಚೆನ್ನಾಗಿರುವ ಜೋಡಿಗಳಲ್ಲೂ ಇಬ್ಬರ ಲಯ ಕೂಡಿದ್ದು ಮೂರನೇ ಒಂದು ಪಾಲು ಹೊತ್ತು ಮಾತ್ರ. ಉಳಿದದ್ದೆಲ್ಲ ತಪ್ಪುವುದು, ಮತ್ತೆ ಸರಿಹೋಗುವುದು. ಹಾಗಾಗಿ ತಪ್ಪೇ ಆಗದ ಮನೆ ಹುಡುಕಬೇಡಿ.

ಏಳು ವರ್ಷದ ಹುಡುಗ ಹಾಲಿನ ಬೋಗುಣಿ ಉರುಳಿಸಿದ. ಅಪ್ಪ ಕಪಾಳಕ್ಕೆ ಹೊಡೆದ. ನಮ್ಮಲ್ಲಿ ಇದು ಅಪರೂಪವಲ್ಲ: ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ, 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ ಅಧ್ಯಯನದಲ್ಲಿ ಮೂವರಲ್ಲಿ ಇಬ್ಬರು ದೈಹಿಕ ಹಿಂಸೆ ಅನುಭವಿಸಿದ್ದರು. ಈಗ ಅಪ್ಪ ಮೊದಲು ತನ್ನ ಮೈ ತಣ್ಣಗಾಗಿಸಿಕೊಳ್ಳಬೇಕು, ಅಂಗಳದಲ್ಲಿ ಕಾಲು ತಾಸು ನಡೆದಾದರೂ ಸರಿ. ಆಮೇಲೆ, ಅದೇ ಸಂಜೆ, ಹುಡುಗನ ಕಣ್ಣಿನ ಎತ್ತರಕ್ಕೆ ಕೂತು: "ಸಿಟ್ಟಿನಾಗ ಹೊಡದೆ. ಹೊಡದದ್ದು ನನ್ನ ತಪ್ಪು. ನಿನಗ ಹೆದರಿಕಿ ಆತಲ್ಲ?" ಇಷ್ಟು ಹೇಳಿ ಸುಮ್ಮನಿರಬೇಕು. ಹುಡುಗ ಮಾತಾಡದಿದ್ದರೂ ಎದ್ದು ಹೋಗಬಾರದು. ಕೆಡುವುದು ಸಾಮಾನ್ಯವಾಗಿ ಮುಂದಿನ ವಾಕ್ಯದಲ್ಲಿ: "ಆದರ ನೀನೂ ನೋಡಿ ಹಿಡೀಬೇಕಿತ್ತು." ಆ 'ಆದರ' ಬಂದೊಡನೆ ಕೇಳಿದ ಕ್ಷಮೆ ಬೈಗುಳವಾಗುತ್ತದೆ. ಮಾತಿನ ಬದಲು ಪೇಡೆ ತಂದುಕೊಟ್ಟರೆ ಹೆದರಿಕೆಗೆ ಹೆಸರೇ ಸಿಗುವುದಿಲ್ಲ. ದಿನವೂ ಹೊಡೆದು ದಿನವೂ ತಪ್ಪಾಯಿತು ಎಂದರೆ, ಮಾತಿನ ಮೇಲೆಯೇ ನಂಬಿಕೆ ಹೋಗುತ್ತದೆ.

ಕುಡಿತದ ಹೊಡೆತ, ಲೈಂಗಿಕ ದೌರ್ಜನ್ಯ ಇರುವಲ್ಲಿ ಈ ಯಾವ ಉಪಾಯವೂ ಸಾಲದು, ಮೊದಲು ಮಗು ಆ ಕೈಯಿಂದ ದೂರವಾಗಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಲೈಂಗಿಕ ಅಪರಾಧ ತಿಳಿದೂ ತಿಳಿಸದಿರುವುದು, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಡಿ, ಮನೆಯ ಪ್ರತಿಯೊಬ್ಬರ ಮುಂದೆ ಮತ್ತೆ ಮತ್ತೆ ಹೇಳಿಸಬೇಡಿ.

ಬಾಲ್ಯದ ಕಷ್ಟಗಳನ್ನು ಎಣಿಸಿ ಅಂಕ ಕೊಡುವ ಪ್ರಶ್ನಾವಳಿಗಳು ಈಗ ಮೊಬೈಲಿನಲ್ಲಿ ಓಡಾಡುತ್ತಿವೆ. ಅವುಗಳ ಮೂಲ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವೈದ್ಯರಾದ ಫೆಲಿಟ್ಟಿ ಮತ್ತು ಆಂಡಾ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನ. ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟ ಕಂಡವರಲ್ಲಿ ಖಿನ್ನತೆ, ಕುಡಿತದ ಚಟ, ಆತ್ಮಹತ್ಯೆಯ ಯತ್ನ ಇವುಗಳ ಅಪಾಯ 4ರಿಂದ 12 ಪಟ್ಟು ಹೆಚ್ಚಿತ್ತು. ಅದು ಜನಸಮೂಹದ ಲೆಕ್ಕ. ಒಬ್ಬ ವ್ಯಕ್ತಿಯ ಹಣೆಬರಹ ಓದಲು ಅದನ್ನು ಬಳಸಬಾರದೆಂದು ಆಂಡಾ ಅವರೇ ಮುಂದೆ ಬರೆದಿದ್ದಾರೆ. ಮಳೆ ಕೈಕೊಟ್ಟ ವರ್ಷದ ಸಾಲ, ಜಾತಿಯ ಅವಮಾನ ಅದರ ಎಣಿಕೆಯಲ್ಲೇ ಇಲ್ಲ. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ದಶಕಗಳ ಕಾಲ ಹಿಂಬಾಲಿಸಿದರು. ತೀರಾ ಕಷ್ಟದಲ್ಲಿ ಬೆಳೆದವರಲ್ಲೂ ಮೂರರಲ್ಲಿ ಒಬ್ಬರು ಚೆನ್ನಾಗಿ ಬಾಳಿದರು. ಅವರ ಬದುಕಿನಲ್ಲಿ ನೆಚ್ಚಬಹುದಾದ ಒಬ್ಬ ಹಿರಿಯರಾದರೂ ಇದ್ದರು, ಅಜ್ಜಿಯೋ ನೆರೆಯವರೋ ಶಿಕ್ಷಕರೋ. ಇನ್ನೊಂದು ಮಾತು: ಸ್ಕಿಝೋಫ್ರೇನಿಯಾ, ಆಟಿಸಂ ತಾಯಿಯ ತಪ್ಪಿನಿಂದ ಬರುತ್ತವೆ ಎಂಬ ಹಳೆಯ ವಾದವನ್ನು ವೈದ್ಯಲೋಕ ಎಂದೋ ಕೈಬಿಟ್ಟಿದೆ. ಆ ತಾಯಂದಿರ ಮೇಲೆ ಇನ್ನೂ ಹೊರೆ ಹೊರಿಸುವುದು ಕ್ರೌರ್ಯ.

ಶಾಣ್ಯಾ ಕೂಸಿಗೆ ಮದುವೆಯಾಗುತ್ತದೆ. ಹೆಂಡತಿ ಅಳುತ್ತ ಏನೋ ಹೇಳುವಾಗ ಅವನು ಗೋಡೆಯಂತೆ ಕೂತಿರುತ್ತಾನೆ, ಇಲ್ಲವೇ ಚಪ್ಪಲಿ ಮೆಟ್ಟಿ ಹೊರಗೆ ನಡೆಯುತ್ತಾನೆ. ಅವಳಿಗೆ ಅದು ಕಲ್ಲೆದೆ. ಅವನ ಎದೆ ಒಳಗೆ ಹೊಡೆದುಕೊಳ್ಳುತ್ತಿರುತ್ತದೆ, ಅದು ಅವನಿಗೇ ತಿಳಿದಿರುವುದಿಲ್ಲ. ಅವಳು ಚಿಕ್ಕಂದಿನಲ್ಲಿ ಖಾಲಿ ಹಾಸಿಗೆ ಕಂಡವಳಾಗಿದ್ದರೆ, ಅವನು ಹೊಸ್ತಿಲು ದಾಟಿದ ಪ್ರತಿ ಸಲವೂ ಅದು ಅದೇ ನಸುಕಿನ ಬಸ್. ಇಂಥವರು ಮೊದಲು ಮಾಡಬೇಕಾದದ್ದು ಸಣ್ಣದು. ಹೊರಗೆ ಹೋಗಿ, ಆದರೆ ಹೊತ್ತು ಹೇಳಿ ಹೋಗಿ: "ಅರ್ಧ ತಾಸಿಗೆ ಬರ್ತೀನಿ, ಆಮ್ಯಾಲೆ ಮಾತಾಡೂಣು." ಹೇಳಿದ ಹೊತ್ತಿಗೆ ಬಂದು, ಮಾತನ್ನು ಹೊರಗೆ ಹೋದವರೇ ತೆಗೆಯಬೇಕು. ಬಂದು ಟಿವಿ ಹಚ್ಚಿದರೆ ಎಲ್ಲ ಮೊದಲಿನಂತೆಯೇ. ಮೈಯ ಗುರುತು ಹಿಡಿಯುವುದನ್ನೂ ಕಲಿಯಬೇಕು: ದವಡೆ ಬಿಗಿಯಿತೇ, ಅಂಗೈ ತಣ್ಣಗಾಯಿತೇ, ಹೊಟ್ಟೆ ಕಲ್ಲಾಯಿತೇ. ಎರಡು ವಾರ, ರಾತ್ರಿ ಒಂದು ಸಾಲು ಬರೆದಿಟ್ಟರೆ ಯಾವ ಮಾತಿಗೆ ಇದು ಏಳುತ್ತದೆ ಎಂದು ಕಾಣಲು ಶುರುವಾಗುತ್ತದೆ. ಎಲ್ಲಕ್ಕೂ ಮೊದಲೇ ವಯಸ್ಸಾದ ಅಪ್ಪ-ಅವ್ವನ ಮುಂದೆ ಹೋಗಿ ಲೆಕ್ಕ ಕೇಳುವುದು ಬೇಡ. ಅವರು "ನಿಮಗೇನು ಕಡಿಮಿ ಮಾಡೇವಿ" ಎನ್ನುತ್ತಾರೆ, ಹಳೆಯ ಬಾಗಿಲು ಇನ್ನೊಮ್ಮೆ ಮುಚ್ಚುತ್ತದೆ.

ಎರಡು ವಾರಕ್ಕೂ ಮೀರಿ ದಿನದ ಬಹುಹೊತ್ತು ಮನಸ್ಸು ಕುಗ್ಗಿದ್ದರೆ, ಊಟ-ನಿದ್ದೆ-ಕೆಲಸ ಕೆಟ್ಟಿದ್ದರೆ, ಅದಕ್ಕೆ ಚಿಕಿತ್ಸೆ ಬೇಕು. ಮಾತಿನ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ 12ರಿಂದ 16 ಭೇಟಿ. ಖಿನ್ನತೆಯ ಮಾತ್ರೆಗಳು ಹತ್ತಲು 2ರಿಂದ 4 ವಾರ ಬೇಕು. ಮೊದಲ ವಾರದಲ್ಲೇ ಗುಣವಿಲ್ಲ ಎಂದು ಬಿಡುವವರೂ, ಆರಾಮಾಯಿತು ಎಂದು ಎರಡನೇ ತಿಂಗಳಿಗೆ ತಾವೇ ನಿಲ್ಲಿಸುವವರೂ ಬಹಳ. ಆರಾಮಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನ ಇಳಿಸಬೇಕು.

ಧಾರವಾಡದಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಗದಗ, ಹಾವೇರಿಯವರು ತಮ್ಮ ಜಿಲ್ಲಾ ಆಸ್ಪತ್ರೆಯಲ್ಲೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕೇಳಬಹುದು. ಹೊರಗೆ ಹೋಗಲಾಗದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲು-ರಾತ್ರಿ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲ ಭೇಟಿಗೆ ಹಳೆಯ ಚೀಟಿಗಳನ್ನೂ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಒಯ್ಯಿರಿ. ಜೊತೆಗೆ ಬಂದವರು ಹತ್ತು ನಿಮಿಷ ಹೊರಗೆ ಕೂಡಲಿ. ಬಾಲ್ಯದ್ದೆಲ್ಲ ಅವತ್ತೇ ಹೇಳಿ ಮುಗಿಸಬೇಕಿಲ್ಲ. "ಹೇಳಬೇಕಾದ್ದು ಐತ್ರಿ, ಇವತ್ತ ಆಗೂದಿಲ್ಲ" ಎಂದರೂ ವೈದ್ಯರು ಅದನ್ನು ಬರೆದುಕೊಂಡು, ಮುಂದಿನ ಭೇಟಿಯ ದಿನ ಕೊಡುತ್ತಾರೆ.