ಗುಡ್ಡದ ಕೆಳಗಿನ ಬದುಕು: ನಾರ್ವೆಯ ಕರಾವಳಿ, ನಮ್ಮ ಕರಾವಳಿ

(ಕಾರವಾರದಲ್ಲಿ ಪದವಿ ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸದ ಪಠ್ಯ)

ಎಲ್ಲರಿಗೂ ನಮಸ್ಕಾರ.

ಎರಡು ದೇಶಗಳ ಜೀವನಮಟ್ಟ ಹೋಲಿಸಿ ಮಾತಾಡಿ ಅಂತ ಕೇಳಿದ್ದೀರಿ. ಇಂಥ ಮಾತು ಸಾಮಾನ್ಯವಾಗಿ ಸಂಬಳದಿಂದ ಶುರುವಾಗುತ್ತದೆ. ಭಟ್ಕಳದ ಮನೆಗಳಿಗೆ ದುಬೈ ಲೆಕ್ಕ ಗೊತ್ತು, ಶಿರಸಿ ಸೀಮೆಯ ಮನೆಗಳಿಗೆ ಅಮೆರಿಕದ ಲೆಕ್ಕ ಗೊತ್ತು. ಅದನ್ನು ನಾನು ಹೇಳಬೇಕಾಗಿಲ್ಲ. 1990ರಲ್ಲಿ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮೆಹಬೂಬ್ ಉಲ್ ಹಕ್, ನಮ್ಮ ಅಮರ್ತ್ಯ ಸೇನ್ ಮುಂತಾದವರು ಸೇರಿ ಮಾನವ ಅಭಿವೃದ್ಧಿ ಸೂಚ್ಯಂಕ ರೂಪಿಸಿದಾಗ ಆದಾಯದ ಪಕ್ಕದಲ್ಲೇ ಆಯುಸ್ಸನ್ನೂ ಶಿಕ್ಷಣವನ್ನೂ ಕೂರಿಸಿದರು. 2025ರ ವರದಿಯಲ್ಲಿ 193 ದೇಶಗಳ ಪೈಕಿ ನಾರ್ವೆ 2ನೇ ಸ್ಥಾನದಲ್ಲಿದೆ, ಭಾರತ 130ರಲ್ಲಿ. ಇಷ್ಟರಿಂದ ಯಾರ ಬದುಕೂ ಕಣ್ಣಿಗೆ ಕಟ್ಟುವುದಿಲ್ಲ. ಹಾಗಾಗಿ ನಾನು ಒಂದೇ ವಿಷಯ ಹಿಡಿದು ಹೋಲಿಸುತ್ತೇನೆ: ಗುಡ್ಡದ ಕೆಳಗೆ ಮನೆ ಇರುವವನಿಗೆ ಮಳೆಗಾಲದ ರಾತ್ರಿ ನಿದ್ದೆ ಬರುತ್ತದೆಯೇ?

ನಾರ್ವೆಯೇ ಯಾಕೆ? ಅದರ ಪಶ್ಚಿಮ ಕರಾವಳಿಯ ನಕ್ಷೆ ನೋಡಿ. ಕಡಲು, ಕಡಲಿನ ಬೆನ್ನಿಗೇ ಬೆಟ್ಟ, ನಡುವೆ ಒಂದು ಪಟ್ಟಿಯಷ್ಟು ಜಾಗ. ಆ ಪಟ್ಟಿಯಲ್ಲೇ ಮನೆ, ರಸ್ತೆ, ಮೀನುಗಾರಿಕೆ ಎಲ್ಲ. ಬರ್ಗೆನ್ ಪಟ್ಟಣದಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಹೆಚ್ಚು ಮಳೆ. ಅಂಕೋಲೆಯವರಿಗೆ, ಕುಮಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಅವರಿಗೂ ಗುಡ್ಡ ಕುಸಿದಿದೆ. ಲೋಯೆನ್ ಎಂಬಲ್ಲಿ 1905ರಲ್ಲಿ ಬಂಡೆ ಜಾರಿ ಸರೋವರಕ್ಕೆ ಬಿದ್ದು, ಎದ್ದ ಅಲೆಗೆ 61 ಜನ ಸತ್ತರು. ಅದೇ ಜಾಗದಲ್ಲಿ 1936ರಲ್ಲಿ ಮತ್ತೆ 74 ಜನ. ನಡುವೆ, 1934ರ ಏಪ್ರಿಲಿನಲ್ಲಿ ತಾಫ್ಯೂರ್ಡ್‌ನಲ್ಲಿ ಇಂಥದೇ ಅಲೆಗೆ 40 ಜನ. ಮೊದಲ ಸಾವಿನಿಂದ ಅವರೂ ಪಾಠ ಕಲಿಯಲಿಲ್ಲ, ಇದನ್ನು ನೆನಪಿಡಿ. ಆ ದೇಶ ಹುಟ್ಟುತ್ತಲೇ ಜಾಣ ದೇಶವಾಗಿರಲಿಲ್ಲ.

ಈಗ ನಮ್ಮದು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಬಿತ್ತು. ರಸ್ತೆಬದಿಯ ಚಹಾದಂಗಡಿ ಹೋಯಿತು, ಲಾರಿಗಳು ಹೋದವು. ಮಣ್ಣು ಗಂಗಾವಳಿಗೆ ನುಗ್ಗಿ, ನೀರು ಎದ್ದು, ಆಚೆ ದಡದ ಉಳುವರೆಯ ಮನೆಗಳಿಗೆ ಬಡಿಯಿತು. ಗುಡ್ಡ ಇದ್ದದ್ದು ಹೊಳೆಯ ಈ ಕಡೆ, ಮನೆ ಹೋದದ್ದು ಆ ಕಡೆ! ತಾಫ್ಯೂರ್ಡ್‌ನಲ್ಲಿ ಆದದ್ದೂ ಇದೇ. ಕೇರಳದ ಲಾರಿಯೊಂದನ್ನು ಹೊಳೆಯಿಂದ ಎತ್ತುವಾಗ ಸೆಪ್ಟೆಂಬರ್ 25 ಆಗಿತ್ತು. ಇದು ನಮಗೆ ಮೊದಲನೆಯದೂ ಅಲ್ಲ. 2009ರ ಅಕ್ಟೋಬರಿನಲ್ಲಿ ಇಲ್ಲೇ ಕಡವಾಡದ ಝರಿವಾಡ, 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆ. ಕಳಚೆಯಲ್ಲಿ ಅಡಿಕೆ ತೋಟಗಳು ತೋಟದ ಗುರುತೇ ಸಿಗದ ಹಾಗೆ ಹೋದವು.

ಇನ್ನು ಅವರು ಈಗ ಏನು ಮಾಡುತ್ತಾರೆ ಕೇಳಿ. ರೊಮ್ಸ್‌ದಾಲ್ ಕಣಿವೆಯಲ್ಲಿ ವೆಸ್ಲೆಮಾನೆನ್ ಅಂತ ಒಂದು ಬೆಟ್ಟದ ತುಂಡು. ಬಿರುಕು ಬಿಟ್ಟು ನಿಧಾನವಾಗಿ ಜಾರುತ್ತಿತ್ತು. ಅದರ ಎದುರು ರಾಡಾರ್ ಇಟ್ಟರು, ಮೈಮೇಲೆ ಅಳತೆಯ ಉಪಕರಣ ನೆಟ್ಟರು. ಮಳೆ ನೀರು ಬಿರುಕಿಗೆ ಇಳಿದ ಕೂಡಲೇ ಜಾರುವ ವೇಗ ಏರುತ್ತಿತ್ತು, ವೇಗ ಏರಿದಾಗ ಕೆಳಗಿನ ಮನೆಗಳನ್ನು ಖಾಲಿ ಮಾಡಿಸುತ್ತಿದ್ದರು. 2014ರಿಂದ ಹೀಗೆ 16 ಸಲ ಮನೆ ಖಾಲಿ ಮಾಡಿಸಿದರು. ಬೆಟ್ಟ ಬೀಳಲಿಲ್ಲ, ಜನ ವಾಪಸ್ ಬಂದರು, ಮತ್ತೆ ಹೊರಟರು. ಜನಕ್ಕೆ ಸಾಕುಸಾಕಾಯಿತು. 2017ರಲ್ಲಿ ನೀರು ಹಾಯಿಸಿ ತಾವೇ ಬೀಳಿಸಲು ನೋಡಿದರು, ಆಗಲೂ ಪೂರ್ತಿ ಬೀಳಲಿಲ್ಲ. ಕೊನೆಗೆ 2019ರ ಸೆಪ್ಟೆಂಬರ್ 5ರ ರಾತ್ರಿ ಬಿತ್ತು. ಯಾರಿಗೂ ಒಂದು ಗಾಯವಿಲ್ಲ. ಕೆಳಗಿದ್ದದ್ದು ಊರಲ್ಲ, ಬೆರಳೆಣಿಕೆಯ ಮನೆಗಳು. ಅಷ್ಟು ಜನರಿಗೋಸ್ಕರ ಒಂದು ಸರ್ಕಾರ ಅಷ್ಟು ವರ್ಷ ಬೆಟ್ಟ ಕಾಯಿತು! ಜೀವನಮಟ್ಟ ಅಂದರೆ ನನ್ನ ಮಟ್ಟಿಗೆ ಇದೇ.

ದುಡ್ಡಿದೆ, ಮಾಡುತ್ತಾರೆ ಅನ್ನುತ್ತೀರಿ. ಹೌದು, ಉತ್ತರ ಸಮುದ್ರದಲ್ಲಿ 1969ರಲ್ಲಿ ಅವರಿಗೆ ಭಾರೀ ಎಣ್ಣೆ ಸಿಕ್ಕಿತು, ಜನಸಂಖ್ಯೆ ಬರೀ 56 ಲಕ್ಷದಷ್ಟು. ಆದರೆ ಎಣ್ಣೆ ಸಿಗುವುದಕ್ಕೆ ಅರ್ಧ ಶತಮಾನ ಮೊದಲೇ, 1917ರಲ್ಲಿ, ಅವರೊಂದು ಕಾನೂನು ಮಾಡಿಕೊಂಡಿದ್ದರು. ಹೊಳೆಗೆ ಅಣೆಕಟ್ಟು ಕಟ್ಟಿದವರು ವಿದ್ಯುತ್ತಿನ ಒಂದು ಪಾಲನ್ನು, ಶೇ. 10ರವರೆಗೆ, ಆ ಊರಿನ ಸ್ಥಳೀಯ ಸಂಸ್ಥೆಗೆ ಕಡಿಮೆ ದರದಲ್ಲಿ ಕೊಡಬೇಕು. ಆಗ ಅದು ಶ್ರೀಮಂತ ದೇಶವಲ್ಲ, ಹೊಟ್ಟೆಪಾಡಿಗೆ ಜನ ಹಡಗು ಹತ್ತಿ ಅಮೆರಿಕಕ್ಕೆ ಹೋಗುತ್ತಿದ್ದ ದೇಶ. ನಮ್ಮ ಕಾಳಿ ಹೊಳೆಯನ್ನು ನೆನೆಯಿರಿ. ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು, ಪಕ್ಕದಲ್ಲಿ ಕೈಗಾದ ನಾಲ್ಕು ಅಣುವಿದ್ಯುತ್ ಘಟಕ. ಸೂಪಾ ಊರೇ ಮುಳುಗಿತು. ಇಲ್ಲಿ ನೌಕಾನೆಲೆಗಾಗಿ ಸಾವಿರಾರು ಕುಟುಂಬ ಎದ್ದುಹೋದವು. ಈ ಜಿಲ್ಲೆ ನಾಡಿಗೆ ಕೊಟ್ಟದ್ದು ಕಡಿಮೆಯಲ್ಲ. ಅಪಘಾತವಾದರೆ ನಾವು ಇಂದಿಗೂ ಗೋವಾಕ್ಕೋ ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡುತ್ತೇವೆ. ನನಗೆ ಸಿಟ್ಟು ಬರುವುದು ಇಲ್ಲಿ.

ನಾರ್ವೆಯಲ್ಲಿ ಎಲ್ಲ ಸುಖವೇ ಅಂತಲ್ಲ. ಟ್ರೊಮ್ಸೋ ಪಟ್ಟಣದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಮೇಲೇಳುವುದೇ ಇಲ್ಲ. ಹತ್ತು ಮನೆಗಳಲ್ಲಿ ಸುಮಾರು ನಾಲ್ಕು ಒಬ್ಬರೇ ಇರುವ ಮನೆಗಳು. ಶಿರೂರಿನ ದುರಂತದ ದಿನಗಳಲ್ಲಿ ಕರೆಯದೆಯೇ ಬಂದು ಹೊಳೆಗಿಳಿದವರನ್ನು ನಾನು ಮರೆಯಲಾರೆ. ಆದರೆ ಜನರ ಈ ಒಳ್ಳೆಯತನ ತೋರಿಸಿ ಆಡಳಿತ ಕೈತೊಳೆದುಕೊಳ್ಳಬಾರದು.

ಎಲ್ಲದಕ್ಕೂ ರಾಡಾರ್ ಬೇಕಿಲ್ಲ. ವಯನಾಡಿನಲ್ಲಿ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಊರೂರಲ್ಲಿ ಮಳೆಮಾಪಕ ಇಟ್ಟು, ಊರವರಿಂದಲೇ ದಿನದ ಲೆಕ್ಕ ತೆಗೆಸಿ ಎಚ್ಚರಿಕೆ ಕೊಡುತ್ತದೆ. ನಮ್ಮ ಪ್ರೌಢಶಾಲೆಗಳಿಗೆ ಇದು ಭಾರವೇ? ಈ ಜೂನ್ ತಿಂಗಳಿನಿಂದಲೇ ಶುರು ಮಾಡಬಹುದು. ಕಷ್ಟವಿರುವುದು ಮುಂದಿನ ಹೆಜ್ಜೆಯಲ್ಲಿ. ಲೆಕ್ಕ ಮೀರಿತು ಅಂತ ಗೊತ್ತಾದ ಮೇಲೆ ರಾತ್ರಿ ಹನ್ನೊಂದಕ್ಕೆ ಮನೆ ಖಾಲಿ ಮಾಡಿ ಅನ್ನುವವರು ಯಾರು? ಪಂಚಾಯಿತಿಯವರೋ, ತಹಶೀಲ್ದಾರರೋ? ಕೊಟ್ಟಿಗೆಯಲ್ಲಿ ದನ ಬಿಟ್ಟು ಕಾಳಜಿ ಕೇಂದ್ರಕ್ಕೆ ಬಾ ಅಂದರೆ ನಮ್ಮವರು ಬರುವುದಿಲ್ಲ, ಬರಲೂಬಾರದು. ಹಾಗಾಗಿ ಆ ಕೇಂದ್ರದ ಪಕ್ಕ ದನಗಳಿಗೊಂದು ಮಾಡು ಬೇಕು, ಹುಲ್ಲು ಬೇಕು. ನಿಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಇಷ್ಟನ್ನು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.